ಗೇಟ್ ಇಲ್ಲದ ಕ್ಯಾಮರಾ

ಈ ಕತೆ ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ ಎಂಬ ಅಳುಕಿನಿಂದಲೇ ಶುರು ಮಾಡುತ್ತಿದ್ದೇನೆ. ಸಿನಿಮಾ ತೆಗೆಯುವ ಕೆಲಸವನ್ನು ಕಾಂಪೌಂಡಿನ ಆಚೆಯಿಂದ ನೋಡಿದ್ದೇನೆಯೇ ಹೊರತು ಒಳಗೆ ಹೊಕ್ಕು ಕಲಿತವನಲ್ಲ. ಕ್ಯಾಮರಾದ ವಿಚಾರದಲ್ಲಿ ಎಲ್ಲಾದರೂ ಎಡವಿದ್ದರೆ ಬಲ್ಲವರು ಮನ್ನಿಸಬೇಕು. ಬಲ್ಲವರೇ ಬರೆಯಲಿ ಎಂದು ಸಾಕಷ್ಟು ಕಾದೆ. ಅವರಿಗೆ ಬೇರೆ ಕೆಲಸಗಳಿದ್ದವೆಂದು ಕಾಣುತ್ತದೆ. ಅಲ್ಲದೆ ಈ ಕತೆ ಕ್ಯಾಮರಾದ್ದಕ್ಕಿಂತ ಹೆಚ್ಚಾಗಿ ಗೋಪಾಲಪ್ಪನವರದ್ದು. ಗೋಪಾಲಪ್ಪನವರು ಗೇಟಿನ ಮನುಷ್ಯ.

ದೇವನಹಳ್ಳಿಯಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ರಸ್ತೆಯಲ್ಲಿ ಎಡಕ್ಕೆ ಒಂದು ಮಣ್ಣಿನ ದಾರಿ ಹಿಡಿದರೆ ಬೆಂಗಳೂರಿನ ಯಜಮಾನರೊಬ್ಬರ ತೋಟ ಸಿಗುತ್ತಿತ್ತು. ಒಂದು ಸಾಲು ಚಕ್ಕೋತ, ಪಾಳುಬಿದ್ದ ದ್ರಾಕ್ಷಿ ಚಪ್ಪರ, ಎತ್ತರದ ನೀರಿನ ಟ್ಯಾಂಕು, ಅದರ ಮುಂದೆ ದೊಡ್ಡ ಬಯಲು. ವಿಮಾನ ನಿಲ್ದಾಣ ಬರುತ್ತದೆಂಬ ಸುದ್ದಿ ಕೇಳಿ ಕೊಂಡಿದ್ದ ಯಜಮಾನರು, ಬೆಲೆ ಏರುವವರೆಗೆ ಸುಮ್ಮನೆ ಬಿಡುವುದೇಕೆಂದು ಅದನ್ನು ಶೂಟಿಂಗಿಗೆ ಬಾಡಿಗೆ ಕೊಡುತ್ತಿದ್ದರು. ಆ ತೋಟದ ಕಬ್ಬಿಣದ ಗೇಟಿಗೆ ಗೋಪಾಲಪ್ಪನವರೇ ಕಾವಲು. ಸಂಬಳಕ್ಕಾಗಿ ಕಾಯುವ ಸ್ಥಿತಿಯೇನೂ ಅವರದ್ದಲ್ಲ. ಅವರ ಹೊಲದಲ್ಲಿ ಒಂದು ಪಾಲು ಹೊಸ ರಸ್ತೆಗೆ ಹೋಗಿತ್ತು, ಉಳಿದದ್ದರಲ್ಲಿ ಗುತ್ತಿಗೆ ಹಿಡಿದವರು ಗುಲಾಬಿ ಬೆಳೆಯುತ್ತಿದ್ದರು. ರಾಗಿ ಹೊಲದ ಬದುವಿನ ಮೇಲೆ ನಿಂತು ಪರರ ದನ ಅಟ್ಟಿ ಅಟ್ಟಿ ಅಭ್ಯಾಸವಾಗಿದ್ದ ಮನುಷ್ಯ, ಮನೆಯಲ್ಲಿ ಕೂತು ಟೀವಿ ನೋಡಲಾರದೆ ಒಂದು ಗೇಟು ಹುಡುಕಿಕೊಂಡಿದ್ದರು.

"ನಿಮ್ಮಪ್ಪಂಗೆ ಕಾಯೋಕೆ ಏನಾದ್ರೂ ಒಂದು ಬೇಕು ಕಣೇ" ಎಂದು ಹೆಂಡತಿ ವರಲಕ್ಷ್ಮಮ್ಮ ಮಗಳು ಪದ್ಮಶ್ರೀಗೆ ಹೇಳುತ್ತಿದ್ದರು. "ಮನೇಲಿ ಕೂತು ನನ್ನ ಒಗ್ಗರಣೆ ಕಾಯೋದಕ್ಕಿಂತ ಗೇಟ್ ಕಾಯೋದು ವಾಸಿ."

ವಿಮಾನ ನಿಲ್ದಾಣ ಇನ್ನೂ ಕಾಂಕ್ರೀಟು ಕುಡಿಯುತ್ತಿದ್ದ ವರ್ಷ ಆ ತೋಟಕ್ಕೆ 'ಸಿಡಿಲಹಕ್ಕಿ' ಬಂತು. ನಿರ್ದೇಶಕ ವಿಜಯ್ ಎಂಬಾತ ಕನ್ನಡಕ್ಕೂ ಒಬ್ಬ ಹಾರುವ ಹೀರೋ ಬೇಕೇ ಬೇಕೆಂದು ಹಟ ಹಿಡಿದು ತೆಗೆಯುತ್ತಿದ್ದ ಸಿನಿಮಾ. ಹೀರೋಗೆ ಮೈತುಂಬ ರಬ್ಬರು, ರಬ್ಬರಿನ ಮೇಲೆ ಗರಿ, ಮುಖಕ್ಕೊಂದು ಕೊಕ್ಕು. ಸಿಡಿಲು ಬಡಿದ ಮರದ ಪೊಟರೆಯಲ್ಲಿ ಸಿಕ್ಕಿಕೊಂಡು ಶಕ್ತಿ ಪಡೆದವನು, ನೆಲಗಳ್ಳರ ಮೇಲೆ ಎರಗುತ್ತಾನೆ. ಊರವರು ಅವನಿಗೆ 'ಹಕ್ಕಿಯಪ್ಪ' ಎಂದು ಹೆಸರಿಟ್ಟರು.

ಮೊದಲ ದಿನ ಹಕ್ಕಿಯಪ್ಪ ನೀರಿನ ಟ್ಯಾಂಕಿನಿಂದ ಕೆಳಗಿನ ಹಾಸಿಗೆ ರಾಶಿಯ ಮೇಲೆ ಹಾರಿದ. ಚೆನ್ನಾಗಿ ಹಾರಿದ. ವಿಜಯ್ ಕೈಯಲ್ಲಿದ್ದ ಮೈಕಿನಲ್ಲಿ ಕೂಗಿದ: "ಕಟ್. ಓಕೆ. ಗೇಟ್ ಚೆಕ್ ಮಾಡಿ."

ಗೇಟಿನ ಪಕ್ಕ ಸ್ಟೂಲಿನ ಮೇಲೆ ಕೂತಿದ್ದ ಗೋಪಾಲಪ್ಪ ಎದ್ದರು. ಅಗುಳಿ ಅಲ್ಲಾಡಿಸಿದರು, ಸರಪಳಿ ಜಗ್ಗಿದರು, ತಲೆ ಹೊರಹಾಕಿ ದಾರಿಯ ಆ ತುದಿ ಈ ತುದಿ ನೋಡಿದರು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು, ಎರಡು ಹೊಲದಾಚೆಯ ಎತ್ತನ್ನು ಕರೆಯುವ ದನಿಯಲ್ಲಿ, "ಗೇಟ್ ಸರಿ ಐತೆ ಸಾರ್" ಎಂದರು.

ಇಲ್ಲಿ ನನಗೆ ತಿಳಿದಷ್ಟು ಹೇಳಬೇಕು. ಹಳೆಯ ರೀಲಿನ ಕ್ಯಾಮರಾದ ಹೊಟ್ಟೆಯೊಳಗೆ, ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಒಂದು ಕಿಂಡಿ ಇರುತ್ತದೆ. ರೀಲು ಓಡುವುದು ಆ ಕಿಂಡಿಯ ಹಿಂದೆ. ಅದಕ್ಕೆ ಅವರು ಗೇಟ್ ಎನ್ನುತ್ತಾರೆ. ಅಲ್ಲೊಂದು ಕೂದಲೋ ಧೂಳಿನ ಎಳೆಯೋ ಸಿಕ್ಕಿಕೊಂಡರೆ ತೆಗೆದ ಚಿತ್ರವೆಲ್ಲ ಹಾಳು. ಹಾಗಾಗಿ ಪ್ರತಿ ಒಳ್ಳೆಯ ಶಾಟಿನ ಮೇಲೂ ಸಹಾಯಕನೊಬ್ಬ ಟಾರ್ಚು ಬಿಟ್ಟು ಆ ಕಿಂಡಿ ನೋಡಿ ಸರಿಯಿದೆ ಎನ್ನಬೇಕು. ಆಮೇಲೇ ದೀಪ ಆರಿಸುವುದು, ಹಗ್ಗ ಬಿಚ್ಚುವುದು, ಮುಂದಿನ ಕೆಲಸ. ಆ ಟಾರ್ಚಿನ ಹುಡುಗ ನಂದಗುಡಿ ಕಡೆಯ ಬೀರೇಶ್. ಅವನು ಕಿಂಡಿಯಿಂದ ಕಣ್ಣು ತೆಗೆದು "ಕ್ಲಿಯರ್" ಎನ್ನುವಷ್ಟರಲ್ಲಿ ಗೋಪಾಲಪ್ಪನವರ ದನಿ ಬಯಲೆಲ್ಲ ತುಂಬಿ, ಲೈಟಿನವರು ಆಗಲೇ ದೀಪ ಆರಿಸಿದ್ದರು.

ಎರಡು ದಿನದಲ್ಲಿ ಎಲ್ಲರಿಗೂ ಅರ್ಥವಾಯಿತು. ಯಾರೂ ಗೋಪಾಲಪ್ಪನವರಿಗೆ ಹೇಳಲಿಲ್ಲ. ಅಷ್ಟು ಶ್ರದ್ಧೆಯಿಂದ ಸರಪಳಿ ಜಗ್ಗುವವರಿಗೆ ಹೇಳಲು ಬಾಯಿ ಬರಬೇಕಲ್ಲ.

ಗೋಪಾಲಪ್ಪನವರಾದರೋ ತಮ್ಮ ಕೆಲಸಕ್ಕೊಂದು ತತ್ವವನ್ನೇ ಕಟ್ಟಿಕೊಂಡರು. ಶಾಟು ಕೆಟ್ಟರೆ ಗೇಟಿನ ಸುದ್ದಿಯಿಲ್ಲ. ಚೆನ್ನಾಗಿ ಬಂದರೆ ಮಾತ್ರ ಗೇಟ್ ನೋಡು ಎನ್ನುತ್ತಾರೆ. "ಯಾಕೆ ಹೇಳು?" ಎಂದು ಒಂದು ದಿನ ಬೀರೇಶನನ್ನೇ ಕೇಳಿದರು.

"ಯಾಕಣ್ಣ?" ಎಂದ ಬೀರೇಶ್, ಮುಖ ನೆಟ್ಟಗಿಟ್ಟುಕೊಂಡು.

"ಬಡಕಲು ಹಸು ಬೇಲಿ ಹಾರಿದ್ರೆ ಯಾರಪ್ಪ ಹುಡುಕ್ತಾರೆ? ಕರೆಯೋ ಹಸು ಹೋಗ್ಬಾರ್ದು. ಒಳ್ಳೇದು ಬಂದ ತಕ್ಷಣ ಬಾಗ್ಲು ಭದ್ರ ಮಾಡ್ಕೋಬೇಕು. ನಿಮ್ಮ ಡೈರೆಕ್ಟ್ರು ರೈತನ ಮಗನೇ ಇರ್ಬೇಕು."

"ಇರ್ಬೋದು ಕಣಣ್ಣ" ಎಂದು ಬೀರೇಶ್ ಕ್ಯಾಮರಾದ ಹಿಂದಕ್ಕೆ ಹೋಗಿ, ರೀಲು ತುಂಬುವ ಕಪ್ಪು ಚೀಲಕ್ಕೆ ಮುಖ ಒತ್ತಿಕೊಂಡು ನಕ್ಕ.

ಹೀಗೇ ನಡೆದಿದ್ದರೆ ಇದು ಬರೀ ತಮಾಷೆಯಾಗಿ ಮುಗಿಯುತ್ತಿತ್ತು. ಆದರೆ ನಡುವೆ ಒಂದು ದಿನ ಗೋಪಾಲಪ್ಪ ತಂಗಿಯ ಮೊಮ್ಮಗನ ನಾಮಕರಣಕ್ಕೆಂದು ಹೊಸಕೋಟೆಗೆ ಹೋದರು. ಆ ದಿನದ ರೀಲು ಲ್ಯಾಬಿನಿಂದ ತೊಳೆದು ಬಂದಾಗ ನೋಡಿದರೆ, ಹಕ್ಕಿಯಪ್ಪನ ಮುಖದ ಮೇಲೆ ಪರದೆಯಗಲದ ಒಂದು ಕೂದಲು ಕುಣಿಯುತ್ತಿತ್ತು. ಅವನು ಅಳುವಾಗಲೂ ಕುಣಿಯುತ್ತಿತ್ತು, ತಾಯಿಯ ಕಾಲು ಹಿಡಿಯುವಾಗಲೂ ಕುಣಿಯುತ್ತಿತ್ತು. ವಿಜಯ್ ಬೀರೇಶನಿಗೆ ಬೈಯಬೇಕಾದಷ್ಟು ಬೈದ. ಬೈದು ಸುಸ್ತಾದ ಮೇಲೆ, ದಿನವೂ ಕ್ಯಾಮರಾಗೆ ಕುಂಬಳಕಾಯಿ ಒಡೆಸುವ ಆ ನಿರ್ದೇಶಕನ ತಲೆಗೆ ಇನ್ನೊಂದು ವಿಚಾರ ಹೊಕ್ಕಿತು. "ಆ ಗೇಟಿನ ಯಜಮಾನ್ರು ಇಲ್ದಿದ್ ದಿನಾನೇ ಹಿಂಗಾಯ್ತಲ್ಲ" ಎಂದ. ಅಂದಿನಿಂದ ಬೀರೇಶ್ ಕ್ಲಿಯರ್ ಎಂದರೂ ವಿಜಯ್ ಗೇಟಿನ ಕಡೆ ಕಿವಿಕೊಟ್ಟು ನಿಲ್ಲುತ್ತಿದ್ದ. ಗೋಪಾಲಪ್ಪನವರ ದನಿ ಬಂದ ಮೇಲೆಯೇ ದೀಪ ಆರುವುದು, ಹಗ್ಗ ಇಳಿಯುವುದು. ತಮಾಷೆಯಾಗಿದ್ದದ್ದು ಕಟ್ಟಳೆಯಾಯಿತು.

ಊರಿನ ಟೀ ಅಂಗಡಿಯಲ್ಲಿ ಗೋಪಾಲಪ್ಪ ಒಂದೇ ಮಾತು ಹೇಳುತ್ತಿದ್ದರು. ಉತ್ಪ್ರೇಕ್ಷೆ ಅವರಿಗೆ ಆಗದು. "ನಾನು ಸರಿ ಅನ್ನೋಗಂಟ ಹಕ್ಕಿಯಪ್ಪ ಮುಂದಕ್ಕೆ ಹಾರಂಗಿಲ್ಲ."

ಅದು ನಿಜವೇ ಆಗಿತ್ತಲ್ಲ.

ಸಿನಿಮಾ ಹೇಗೋ ಓಡಿತು. ವಿಮಾನಗಳು ಬಂದವು. ಊರಿನವರು ವಿಮಾನ ನೋಡಿ ಬೇಜಾರಾಗಿ, ತಲೆ ಎತ್ತುವುದನ್ನೂ ಬಿಟ್ಟರು. ಒಂದೆರಡು ವರ್ಷ ಕಳೆದ ಮೇಲೆ ಎರಡು ಸುದ್ದಿ ಒಟ್ಟಿಗೆ ಬಂದವು: ಅದೇ ತೋಟದಲ್ಲಿ 'ಸಿಡಿಲಹಕ್ಕಿ' ಭಾಗ ಎರಡು; ಮತ್ತು ಪದ್ಮಶ್ರೀಗೆ ನಂದಗುಡಿಯಿಂದ ಒಂದು ಸಂಬಂಧ. ಹುಡುಗ ಹಾಲಿನ ಡೇರಿಯಲ್ಲಿ ಕೆಲಸಕ್ಕಿದ್ದ. ಪದ್ಮಶ್ರೀ ಬಾಯಿಬಿಟ್ಟು ಒಪ್ಪಿಗೆ ಹೇಳಲಿಲ್ಲ. ಆದರೆ ಅವರು ನೋಡಿಹೋದ ಸಂಜೆಯಿಂದ ಮೊಬೈಲನ್ನು ಅಡುಗೆಮನೆಗೂ ಒಯ್ಯತೊಡಗಿದಳು. ತೊಡಕಿದ್ದದ್ದು ಹುಡುಗನ ತಂದೆ ಅಪ್ಪಯ್ಯಣ್ಣನವರಲ್ಲಿ. ಅವರದ್ದು ಒಂದು ಲೆಕ್ಕ: ಮನುಷ್ಯನ ಒಂದು ಮಾತು ಹಿಡಿದು ನೋಡಬೇಕು. ಅದು ನಿಂತರೆ ಮನೆತನ ನಿಂತಂತೆ, ಅದು ಬಿದ್ದರೆ ಎಲ್ಲ ಬಿದ್ದಂತೆ.

"ತಾವೇನ್ ಮಾಡ್ಕೊಂಡಿದೀರಿ?" ಎಂದು ಅವರು ಉಪ್ಪಿಟ್ಟು ತಿನ್ನುತ್ತ ಕೇಳಿದ್ದಕ್ಕೆ ಗೋಪಾಲಪ್ಪ ತಮ್ಮ ಆ ಒಂದು ಮಾತನ್ನೇ ಹೇಳಿದ್ದರು. ಅಪ್ಪಯ್ಯಣ್ಣ ತಟ್ಟೆ ಕೆಳಗಿಟ್ಟರು.

"ನೀವು ಸರಿ ಅನ್ನೋಗಂಟ ಅಷ್ಟು ಜನಾನೂ ಸುಮ್ನೆ ನಿಂತಿರ್ತಾರೆ ಅನ್ನಿ?"

"ನಿಂತಿರ್ತಾರೆ."

"ಹಂಗಾದ್ರೆ ಶೂಟಿಂಗ್ ಶುರುವಾದ್ಮೇಲೆ ಒಂದ್ಸಲ ಬಂದು ನೋಡ್ತೀವಿ. ನೋಡ್ಬಿಟ್ಟು ತಾಂಬೂಲ ಬದಲಾಯಿಸೋಣ."

ಶೂಟಿಂಗ್ ಶುರುವಾಯಿತು. ಗೋಪಾಲಪ್ಪ ಬಿಳಿ ಪಂಚೆ ಉಟ್ಟು, ಅಗುಳಿಗೆ ಎಣ್ಣೆ ಬಿಟ್ಟು ಸಿದ್ಧವಾಗಿದ್ದರು. ವ್ಯಾನುಗಳು ಬಂದವು. ಹಿಂದೆ ನಾಲ್ಕು ಜನ ಹೆಣ ಹೊತ್ತಂತೆ ಹೊತ್ತು ತರುತ್ತಿದ್ದ ಕ್ಯಾಮರಾ ಈಗ ಬೀರೇಶನೊಬ್ಬನ ಕಂಕುಳಲ್ಲಿ ಬಂತು. ರೀಲಿನ ತಗಡಿನ ಡಬ್ಬಗಳಿಲ್ಲ, ಕಪ್ಪು ಚೀಲವಿಲ್ಲ. ಒಂದು ಡೇರೆ ಹಾಕಿ ಅದರಲ್ಲಿ ಟೀವಿ ಇಟ್ಟು, ವಿಜಯ್ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಒಳಗೆ ಕೂತ. ಮೈಕು ಹಿಡಿದು ಕೂಗುವ ಕೆಲಸ ಹರ್ಷಿತ ಎಂಬ ಹೊಸ ಹುಡುಗಿಗೆ ಬಂದಿತ್ತು. ಆಕೆ ಕೂಗುತ್ತಲೂ ಇರಲಿಲ್ಲ, ಎಲ್ಲರಿಗೂ ಬೆರಳು ತುಟಿಯ ಮೇಲಿಟ್ಟು ತೋರಿಸುತ್ತಿದ್ದಳು. ಹಳೆಯ ಕ್ಯಾಮರಾ ಗಿರಣಿಯಂತೆ ಗರ್ ಎನ್ನುತ್ತಿತ್ತು, ಓಡುವುದು ನಿಲ್ಲುವುದು ಊರಿಗೇ ಗೊತ್ತಾಗುತ್ತಿತ್ತು. ಇದು ಉಸಿರೂ ಬಿಡುತ್ತಿರಲಿಲ್ಲ.

ಗೋಪಾಲಪ್ಪ ಕಾದರು. ಹಕ್ಕಿಯಪ್ಪ ಹಾರಿದ, ಬಿದ್ದ, ಎದ್ದ. ಗೇಟ್ ಚೆಕ್ ಎಂದು ಯಾರೂ ಅನ್ನಲಿಲ್ಲ. ಮತ್ತೆ ಹಾರಿದ. ಯಾರೂ ಅನ್ನಲಿಲ್ಲ. ಬಿಸಿಲೇರಿತು. ಕೆಲಸವಿಲ್ಲದೆ ಕೂತವನಿಗೆ ಬರುವ ಅನುಮಾನಗಳೆಲ್ಲ ಅವರಿಗೆ ಬಂದವು: ನನ್ನ ಮೇಲೆ ಕೋಪವೇ? ನಂಬಿಕೆ ಹೋಯಿತೇ? ಇಲ್ಲ ಕರೆದದ್ದು ನನಗೇ ಕೇಳಿಸದಷ್ಟು ಕಿವಿ ಮಂದವಾಯಿತೇ? ಕೊನೆಯದೇ ನಿಜವಿರಬೇಕು ಎನಿಸಿ, ಕೆಲಸ ತಪ್ಪಬಾರದೆಂದು ತಾವಾಗಿಯೇ ಎದ್ದು ಸರಪಳಿ ಜಗ್ಗಿ, "ಗೇಟ್ ಸರಿ ಐತೆ ಸಾರ್" ಎಂದು ಒಂದು ಕೂಗು ಹಾಕಿದರು.

ಬಯಲಿನಲ್ಲಿ ಹಕ್ಕಿಯಪ್ಪ ಸತ್ತ ಗೆಳೆಯನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಪಿಸುಮಾತಾಡುತ್ತಿದ್ದ. ಸತ್ತ ಗೆಳೆಯ ಬೆಚ್ಚಿಬಿದ್ದ.

ಹರ್ಷಿತ ಓಡಿ ಬಂದಳು. "ಅಂಕಲ್, ಪ್ಲೀಸ್. ಈ ಸಲ ಮಾತೆಲ್ಲ ಇಲ್ಲೇ ರೆಕಾರ್ಡ್ ಆಗುತ್ತೆ. ಕ್ಯಾಮರಾ ಓಡ್ತಾ ಇದೆ."

"ಓಡ್ತಾ ಐತಾ? ಸದ್ದೇ ಇಲ್ವಲ್ಲಮ್ಮ."

"ಡಿಜಿಟಲ್ ಅಂಕಲ್. ಸದ್ದಿರಲ್ಲ."

ಡಿಜಿಟಲ್ ಎಂಬುದನ್ನು ಗೋಪಾಲಪ್ಪ ಡೇರಿಯ ತಕ್ಕಡಿಯಲ್ಲಿ ಕಂಡಿದ್ದರು, ಅದರ ಬಗ್ಗೆ ಅವರಿಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. "ಆಯ್ತಮ್ಮ. ಅಲ್ಲ, ಬೆಳಗಿಂದ ಒಂದ್ಸಲಾನೂ ಗೇಟ್ ಚೆಕ್ ಅನ್ಲಿಲ್ವಲ್ಲ ನೀವು."

ಹರ್ಷಿತ ಹೊಸಬಳು. ನಂಬಿಸಿ ಸುಮ್ಮನಿರುವ ಆ ಕಟ್ಟಳೆ ಅವಳಿಗೆ ಗೊತ್ತಿರಲಿಲ್ಲ. "ಅಯ್ಯೋ, ಆ ಗೇಟು ಈ ಕ್ಯಾಮರಾದಲ್ಲಿ ಇಲ್ವೇ ಇಲ್ಲ ಅಂಕಲ್" ಎಂದು, ಕೈಬೆರಳಲ್ಲಿ ಕಿಂಡಿ ಮಾಡಿ ತೋರಿಸಿ, ರೀಲು, ಕೂದಲು, ಟಾರ್ಚು ಎಲ್ಲವನ್ನೂ ಮುದ್ದಾಗಿ ಬಿಡಿಸಿ ಹೇಳಿದಳು. ಹೇಳುತ್ತ ಹೇಳುತ್ತ ಅವಳ ಕಣ್ಣು ಗೋಪಾಲಪ್ಪನವರ ಕೈಯಲ್ಲಿದ್ದ ಸರಪಳಿಯ ಮೇಲೆ ಬಿತ್ತು. ಅವಳ ಮಾತು ನಿಧಾನವಾಯಿತು. ಆಮೇಲೆ ನಿಂತಿತು.

"ಸಾರಿ ಅಂಕಲ್" ಎಂದಳು.

"ನೀವ್ಯಾಕಮ್ಮ ಸಾರಿ ಅಂತೀರಿ" ಎಂದರು ಗೋಪಾಲಪ್ಪ. "ಗೇಟ್ ಅಂದ್ರು. ನನ್ ಹತ್ರ ಇದ್ದದ್ದು ಇದೊಂದೇ ಗೇಟು."

ಮಧ್ಯಾಹ್ನ ಬೀರೇಶ್ ಮಜ್ಜಿಗೆ ತಂದುಕೊಟ್ಟು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಅವನಿಗೂ ಕೆಲಸ ಅರ್ಧ ಹೋಗಿತ್ತು. ಕಪ್ಪು ಚೀಲದೊಳಗೆ ಕೈಯಿಟ್ಟು ಕಣ್ಣಿಲ್ಲದೆ ರೀಲು ತುಂಬುವವನು ಈಗ ಬೆಂಕಿಪೊಟ್ಟಣದಷ್ಟು ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿ, ತುಂಬಿದ್ದನ್ನು ಇಳಿಸಿಕೊಂಡು, ಅಳಿಸಿ, ವಾಪಸ್ ಕೊಡುತ್ತಿದ್ದ.

"ಮೊದ್ಲೇ ಹೇಳ್ಬೋದಿತ್ತಲ್ಲೋ" ಎಂದರು ಗೋಪಾಲಪ್ಪ.

"ಹೇಳೋಕೆ ಬಂದೆ ಕಣಣ್ಣ. ನೀನು ಹಸು ಕತೆ ಹೇಳ್ದೆ. ನಂಗದೇ ಸರಿ ಅನ್ನಿಸ್ಬಿಡ್ತು."

ಸಂಜೆ ಮನೆಯಲ್ಲಿ ವಿಷಯ ತಿಳಿದು ವರಲಕ್ಷ್ಮಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಗಂಡನ ಮುಖ ನೋಡಿ, "ಅದಕ್ಯಾಕೆ ಅಷ್ಟು ಕುಗ್ತೀರಿ" ಎಂದರು. "ನೀವು ಸುಳ್ಳು ಹೇಳಿದ್ರಾ? ಗೇಟ್ ಸರಿ ಇರ್ಲಿಲ್ವಾ?"

"ಇತ್ತು."

"ನೀವು ಅನ್ನೋಗಂಟ ಅವ್ರು ಕಾಯ್ತಿರ್ಲಿಲ್ವಾ?"

"ಕಾಯ್ತಿದ್ರು. ಈಗ ಕಾಯಲ್ಲ. ಬೀಗ್ರು ಬಂದು ನೋಡ್ತಾರೆ, ಯಾರೂ ನನ್ನ ಮಾತೇ ಆಡ್ಸಲ್ಲ. ಒಂದು ಮಾತು ಬಿದ್ರೆ ಎಲ್ಲ ಬಿತ್ತು ಅನ್ನೋ ಆಸಾಮಿ ಅದು." ಅಡುಗೆಮನೆಯಲ್ಲಿ ಪದ್ಮಶ್ರೀಯ ಬಳೆ ಸದ್ದು ನಿಂತದ್ದು ಅವರಿಗೆ ಕೇಳಿಸಿತು. "ಬರೋದ್ ಬ್ಯಾಡ ಅಂತ ಫೋನ್ ಮಾಡ್ತೀನಿ. ಇರೋ ವಿಷ್ಯ ಹೇಳ್ಬಿಡ್ತೀನಿ."

ಫೋನು ಮಾಡಿದರು. ಆ ಕಡೆ ಅಪ್ಪಯ್ಯಣ್ಣನವರಿಗೆ ತಮ್ಮ ದನಿಯೇ ಸಾಕಾಗಿತ್ತು. "ಬೀಗ್ರೇ, ನಾಳೆ ಬರ್ತಾ ಇದೀವಿ. ಸುಮೋ ಹೇಳ್ಬಿಟ್ಟಿದೀನಿ. ನಮ್ ಭಾವ, ಭಾವನ ತಮ್ಮ, ಊರಿನ ಇಬ್ರು ಹಿರೀಕ್ರು, ಎಲ್ಲಾ ಬರ್ತಾರೆ. ಇಡ್ತೀನಿ" ಎಂದು ಇಟ್ಟರು.

ಮರುದಿನ ಸುಮೋ ಬಂತು. ಅದರಿಂದ ಇಳಿದವರನ್ನು ನೋಡಿದರೆ ಇಷ್ಟು ಜನ ಒಳಗೆ ಹೇಗಿದ್ದರೆಂಬುದೇ ಒಂದು ವಿಚಾರ. ಗೇಟಿನೊಳಗಿನ ಹುಣಸೆಮರದ ನೆರಳಿಗೆ ಜಮಖಾನ ಹಾಸಿ ವರಲಕ್ಷ್ಮಮ್ಮ ಎಲ್ಲರನ್ನೂ ಕೂರಿಸಿ ಪಾನಕ ಕೊಟ್ಟರು. ಆ ದಿನದ ದೃಶ್ಯ ಗೇಟಿನ ಹತ್ತಿರವೇ. ನೆಲಗಳ್ಳರ ಜೇಸಿಬಿ ಒಳಗೆ ಬರದಂತೆ ಹಕ್ಕಿಯಪ್ಪ ಗೇಟಿನ ಮೇಲೆ ಗಾಳಿಯಲ್ಲಿ ನಿಂತು ಎಚ್ಚರಿಕೆ ಕೊಡಬೇಕು. ಕ್ರೇನಿನಿಂದ ಹಗ್ಗ ಬಿಟ್ಟು, ಸೊಂಟಕ್ಕೆ ಪಟ್ಟಿ ಕಟ್ಟಿ, ಅವನನ್ನು ಮೇಲೆತ್ತಿ ನೇತುಹಾಕಿದರು.

ಗೋಪಾಲಪ್ಪ ಹೋಗಿ ಜಮಖಾನದ ತುದಿಯಲ್ಲಿ ಕೂತರು. ರಾತ್ರಿಯೆಲ್ಲ ಮನಸ್ಸಿನಲ್ಲಿ ಕಟ್ಟಿಟ್ಟ ಮಾತು ನಾಲಿಗೆಯ ತುದಿಗೆ ಬಂದಿತ್ತು. "ಬೀಗ್ರೇ, ನಿಮ್ಗೆ ಒಂದು ವಿಷ್ಯ ಹೇಳ್ಬೇಕು. ಆ ಗೇಟು..."

"ಶ್" ಎಂದಳು ಹರ್ಷಿತ, ತುಟಿಯ ಮೇಲೆ ಬೆರಳಿಟ್ಟು. ಕ್ಯಾಮರಾ ಓಡುತ್ತಿತ್ತು.

ಸರಿ, ಈ ಶಾಟು ಮುಗಿಯಲಿ ಎಂದು ಗೋಪಾಲಪ್ಪ ಬಾಯಿ ಮುಚ್ಚಿದರು. ಹಕ್ಕಿಯಪ್ಪ ಎಚ್ಚರಿಕೆ ಕೊಟ್ಟ. ಚೆನ್ನಾಗಿಯೇ ಕೊಟ್ಟ. ಡೇರೆಯಿಂದ ವಿಜಯ್‌ನ ದನಿ ಬಂತು: "ಕಟ್ ಮಾಡ್ಬೇಡಿ. ಓಡ್ತಾ ಇರ್ಲಿ. ಹಾಗೇ ಇನ್ನೊಂದ್ಸಲ."

ರೀಲಿನ ಕಾಲದಲ್ಲಿ ಪ್ರತಿ ಅಡಿಗೂ ಜೀವ ಹಿಡಿದುಕೊಂಡಿರುತ್ತಿದ್ದ ವಿಜಯ್, ಒಂದು ಶಾಟಿಗೆ ಮೊದಲು ಹತ್ತು ಸಲ ಅಭ್ಯಾಸ ಮಾಡಿಸಿ, ಎರಡನೆಯದಕ್ಕೆ ಓಕೆ ಎನ್ನುತ್ತಿದ್ದ. ಈಗ ಅಭ್ಯಾಸವೂ ಶಾಟೇ, ಶಾಟೂ ಅಭ್ಯಾಸವೇ. ಕೆರೆಯ ನೀರಿಗೆ ಕಾವಲಿಲ್ಲವೆಂದು ಗೊತ್ತಾದ ಎಮ್ಮೆಯಂತೆ ಒಳಗಿಳಿದವನು ಮೇಲೇಳಲೇ ಇಲ್ಲ. "ಇನ್ನೊಂದು, ಸ್ವಲ್ಪ ಕೋಪ ಜಾಸ್ತಿ." "ಇನ್ನೊಂದು, ಕೋಪ ಬೇಡ, ನೋವು." "ಇನ್ನೊಂದು, ಕೋಪದೊಳಗೆ ನೋವು." ಅಷ್ಟರಲ್ಲಿ ತಲೆಯ ಮೇಲೆ ವಿಮಾನ. "ಓಡ್ತಾ ಇರ್ಲಿ, ವಿಮಾನ ಹೋಗ್ಲಿ." ಹಗ್ಗದಲ್ಲಿ ನೇತಾಡುವ ಹಕ್ಕಿ, ಹಗ್ಗವಿಲ್ಲದ ಹಕ್ಕಿ ದಾಟಿಹೋಗುವವರೆಗೆ ಕಾದು, ಮತ್ತೆ ಎಚ್ಚರಿಕೆ ಕೊಡುತ್ತಿತ್ತು.

ಕಟ್ ಆಗದಿದ್ದರೆ ಮಾತಾಡುವಂತಿಲ್ಲ. ಮಾತಾಡದಿದ್ದರೆ ನಿಜ ಹೇಳುವಂತಿಲ್ಲ. ಗೋಪಾಲಪ್ಪ ಎರಡು ಸಲ ಬಾಯಿ ತೆರೆದರು, ಎರಡು ಸಲವೂ ಹರ್ಷಿತಳ ಬೆರಳು ಮೇಲೆದ್ದಿತು. ಬೀಗರ ಕಡೆಯವರು ಮದುವೆ ಮನೆಯಲ್ಲಿ ಊಟ ತಡವಾದವರಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಭಾವನ ತಮ್ಮ ಕೂತಲ್ಲೇ ತೂಕಡಿಸಿ, ಗೊರಕೆ ಶುರುವಾಗುವ ಮೊದಲು ವರಲಕ್ಷ್ಮಮ್ಮ ಅವನನ್ನು ತಿವಿದು ಎಬ್ಬಿಸಿದರು. ಅಪ್ಪಯ್ಯಣ್ಣ ಗೋಪಾಲಪ್ಪನವರ ಕಿವಿಯ ಹತ್ತಿರ ಬಂದು ಉಸಿರಿನಲ್ಲೇ ಕೇಳಿದರು: "ನಿಮ್ ಸರದಿ ಯಾವಾಗ?"

ಗೋಪಾಲಪ್ಪ ಇಲ್ಲವೆಂದು ತಲೆಯಾಡಿಸಿದರು. ಇನ್ನೂ ಆಗಿಲ್ಲ ಎಂದು ಅಪ್ಪಯ್ಯಣ್ಣ ಅರ್ಥಮಾಡಿಕೊಂಡು ಹಿಂದಕ್ಕೆ ಒರಗಿದರು.

ಮೇಲೆ ಹಕ್ಕಿಯಪ್ಪನ ಸ್ಥಿತಿ ನೋಡಲಾಗುತ್ತಿರಲಿಲ್ಲ. ರಬ್ಬರಿನ ಕಾಲುಚೀಲದಿಂದ ಬೆವರು ಹನಿಹನಿಯಾಗಿ ಗೇಟಿನ ಸರಳಿನ ಮೇಲೆ ಬೀಳುತ್ತಿತ್ತು. ಪಟ್ಟಿ ಹೊಟ್ಟೆಗೆ ಕಚ್ಚಿ, ಕೈ ರೆಕ್ಕೆಯಂತಿರದೆ ಒಣಹಾಕಿದ ಬನಿಯನ್ನಿನಂತೆ ಜೋತುಬಿದ್ದಿತ್ತು. ಹಗ್ಗ ಹಿಡಿದವರು ಒಂದೊಂದೇ ಕೈ ಬಿಟ್ಟು ಪ್ಯಾಂಟಿಗೆ ಬೆವರು ಒರೆಸಿಕೊಳ್ಳುತ್ತಿದ್ದರು. ದೀಪದವರು ಬಿಸಿಲಿಗೂ ದೀಪಕ್ಕೂ ನಡುವೆ ಹುರಿಯುತ್ತಿದ್ದರು. ಡೇರೆಯೊಳಗಿನಿಂದ, "ಓಡ್ತಾ ಇರ್ಲಿ. ಈ ಸಲ ಕೋಪವೂ ಬೇಡ, ನೋವೂ ಬೇಡ. ಸುಮ್ನೆ ಇರು. ಏನ್ ಬರುತ್ತೋ ನೋಡೋಣ."

ಬಯಲು ನಿಶ್ಶಬ್ದವಾಯಿತು. ವಿಮಾನವೂ ಇರಲಿಲ್ಲ. ಆ ನಿಶ್ಶಬ್ದದಲ್ಲಿ, ಮೇಲಿನಿಂದಲೋ ಪಕ್ಕದಿಂದಲೋ, ಒಂದು ದನಿ ಸ್ಪಷ್ಟವಾಗಿ ಬಂತು.

"ಗೇಟ್ ಚೆಕ್."

ಗೋಪಾಲಪ್ಪನವರಿಗೆ ನಿಜ ಗೊತ್ತಿತ್ತು. ಆದರೆ ನಿಜ ಗೊತ್ತಿದ್ದದ್ದು ತಲೆಗೆ. ಕಾಲಿಗೆ ಯಾರೂ ಹೇಳಿರಲಿಲ್ಲ. ಅದು ಎದ್ದು ಹೋಯಿತು. ಕೈ ಅಗುಳಿ ಅಲ್ಲಾಡಿಸಿತು, ಸರಪಳಿ ಜಗ್ಗಿತು. ಕತ್ತು ಹೊರಗೆ ಚಾಚಿ ದಾರಿಯ ಆ ತುದಿ ಈ ತುದಿ ನೋಡಿತು. ಆಮೇಲೆ ಎರಡು ಹೊಲದಾಚೆಯ ಎತ್ತು ತಿರುಗಿ ನೋಡುವ ದನಿಯಲ್ಲಿ, "ಗೇಟ್ ಸರಿ ಐತೆ ಸಾರ್."

ಆಗ ನಡೆದದ್ದನ್ನು ಹುಣಸೆಮರದ ಕೆಳಗಿದ್ದ ಅಷ್ಟೂ ಜನ ಕಣ್ಣಾರೆ ಕಂಡಿದ್ದಾರೆ. ಮೊದಲು ದೀಪಗಳು ಆರಿದವು. ಹಗ್ಗ ಹಿಡಿದವರು, ಹಿಂದಿನ ಸಿನಿಮಾದಲ್ಲಿ ಆ ಕೂಗಿಗೆ ನೂರಾರು ಸಲ ಹಗ್ಗ ಇಳಿಸಿದ್ದವರು, ಯೋಚನೆಯಿಲ್ಲದೆ ಹಗ್ಗ ಇಳಿಸಿದರು. ಹಕ್ಕಿಯಪ್ಪನ ಕಾಲು ನೆಲ ಮುಟ್ಟುವ ಮೊದಲೇ ಒಬ್ಬ ಕೊಕ್ಕು ಬಿಚ್ಚಿದ, ಒಬ್ಬ ಪಟ್ಟಿ ಬಿಚ್ಚಿದ, ಒಬ್ಬ ಎಳನೀರು ಬಾಯಿಗಿಟ್ಟ. ಕ್ರೇನಿನವನು ಇಂಜಿನ್ ನಿಲ್ಲಿಸಿದ. ಜೇಸಿಬಿಯ ಮೇಲಿದ್ದ ನೆಲಗಳ್ಳರು ಮೀಸೆ ಕಿತ್ತು ಜೇಬಿಗಿಟ್ಟುಕೊಂಡು ಊಟದ ಸಾಲಿಗೆ ಓಡಿದರು. ಅಷ್ಟು ದೊಡ್ಡ ಬಯಲು, ಒಬ್ಬ ಮನುಷ್ಯನ ಒಂದು ಮಾತಿಗೆ, ಸಂತೆ ಮುಗಿದಂತೆ ಖಾಲಿಯಾಯಿತು.

ಡೇರೆಯೊಳಗೆ ವಿಜಯ್‌ನ ಟೀವಿಯಲ್ಲಿ ಹಕ್ಕಿಯಪ್ಪ ನಿಧಾನವಾಗಿ ಕೆಳಗಿಳಿದು ಚೌಕಟ್ಟಿನಿಂದ ಮಾಯವಾದ. ಉಳಿದದ್ದು ಆಕಾಶ. ವಿಜಯ್ ಆಕಾಶವನ್ನು ಸ್ವಲ್ಪ ಹೊತ್ತು ನೋಡಿ, ಹೆಡ್‌ಫೋನು ಕಿತ್ತು ಹೊರಗೆ ಬಂದ. "ಯಾರ್ರೀ ಗೇಟ್ ಅಂದಿದ್ದು?"

ಎಲ್ಲರ ಬಾಯಲ್ಲೂ ಅನ್ನವಿತ್ತು.

"ಯಜಮಾನ್ರು ಸರಿ ಅಂದ್ರಲ್ಲ ಸರ್" ಎಂದ ಹಗ್ಗದವನೊಬ್ಬ, ಅದಕ್ಕಿಂತ ಹೆಚ್ಚಿನ ವಿವರಣೆ ಏನಿದೆ ಎಂಬಂತೆ.

ಹುಣಸೆಮರದ ಕೆಳಗೆ ಅಪ್ಪಯ್ಯಣ್ಣ ಎದ್ದು ನಿಂತಿದ್ದರು. ಅವರ ಕಡೆಯ ಹಿರೀಕರಿಬ್ಬರೂ ಎದ್ದಿದ್ದರು. ಗೋಪಾಲಪ್ಪ ಬೆವರು ಒರೆಸಿಕೊಳ್ಳುತ್ತ ಬಂದು, ಕೊನೆಗೂ ಮಾತಾಡಲು ಬಿಡುವಾಯಿತೆಂದು ಒಂದೇ ಉಸಿರಿಗೆ ಹೇಳಿಬಿಟ್ಟರು. "ಬೀಗ್ರೇ, ತಪ್ಪು ತಿಳ್ಕೋಬೇಡಿ. ಆ ಗೇಟೇ ಬೇರೆ, ಈ ಗೇಟೇ ಬೇರೆ. ಅವ್ರದ್ದು ಕ್ಯಾಮರಾ ಒಳಗಿನ ಒಂದು ಕಿಂಡಿ. ನಾನು ತಿಳೀದೆ ಇದನ್ನ ಅಲ್ಲಾಡಿಸ್ಕೊಂಡಿದ್ದೆ. ಈಗ ಆ ಕಿಂಡೀನೂ ಇಲ್ಲ. ನನ್ ಮಾತಿಗೂ ಅವ್ರ ಕೆಲ್ಸಕ್ಕೂ ಸಂಬಂಧಾನೇ ಇಲ್ಲ."

ಅಪ್ಪಯ್ಯಣ್ಣ ಖಾಲಿ ಬಯಲನ್ನು ನೋಡಿದರು. ಆರಿದ ದೀಪಗಳನ್ನು ನೋಡಿದರು. ಡೇರೆಯ ಬಾಗಿಲಲ್ಲಿ ಒಂಟಿಯಾಗಿ ನಿಂತ ನಿರ್ದೇಶಕನನ್ನು ನೋಡಿದರು. ಆಮೇಲೆ ತಮ್ಮ ಭಾವನ ಕಡೆ ತಿರುಗಿ, "ನೋಡ್ದಾ? ಇಷ್ಟಾದ್ರೂ ನಂದೇನಿಲ್ಲ ಅಂತಾ ಅವ್ರೆ. ಮನೆತನ ಅಂದ್ರೆ ಇದು" ಎಂದರು.

"ಅಲ್ಲ ಬೀಗ್ರೇ, ನಿಜವಾಗ್ಲೂ..."

"ಬಿಡಿ ಬೀಗ್ರೇ, ನಮ್ಗೂ ಗೊತ್ತಾಗುತ್ತೆ. ಒಂದು ಉಪಕಾರ ಮಾಡಿ. ನಮ್ಮೂರಲ್ಲಿ ಜಮೀನಿನ ವಿಚಾರಕ್ಕೆ ಮೀಟಿಂಗ್ ಮೇಲೆ ಮೀಟಿಂಗ್ ನಡೀತೈತೆ, ನಿಲ್ಸೋಕೆ ಯಾರಿಂದ್ಲೂ ಆಗ್ತಿಲ್ಲ. ಒಂದ್ಸಲ ಬಂದು ಒಂದು ಕೂಗು ಹಾಕ್ಬಿಡಿ."

ಗೋಪಾಲಪ್ಪ ಮತ್ತೆ ಬಾಯಿ ತೆರೆದರು. ವರಲಕ್ಷ್ಮಮ್ಮ ಅವರ ಕೈಗೆ ತಾಂಬೂಲದ ತಟ್ಟೆ ಕೊಟ್ಟು, "ಎರಡು ಸಲ ನಿಜ ಹೇಳಿದೀರಿ, ಸಾಕು. ಮೂರನೇ ಸಲ ಹೇಳಿದ್ರೆ ಜಂಬ ಆಗುತ್ತೆ" ಎಂದು ಪಿಸುಗುಟ್ಟಿದರು. ತಟ್ಟೆ ಹುಣಸೆಮರದ ಕೆಳಗೇ ಕೈಬದಲಾಯಿತು.

ಮರುದಿನ ವಿಜಯ್ ಗೇಟಿನ ಹತ್ತಿರ ಬಂದ. "ಯಜಮಾನ್ರೇ, ಇನ್ಮೇಲೆ ನಾನು ಕೇಳ್ದಾಗ ಮಾತ್ರ ಕೂಗ್ಬೇಕು."

"ಆಯ್ತು ಸಾರ್. ಕೇಳಿ."

ವಿಜಯ್ ಹೋದ. ಅವನು ಕೇಳಬಾರದೆಂದೇ ಇದ್ದನೇನೋ. ಆದರೆ ಹಕ್ಕಿಯಪ್ಪ ಆ ದಿನ, ಗೇಟ್ ಚೆಕ್ ಇದ್ದರೆ ಮಾತ್ರ ಹಗ್ಗ ಹತ್ತುತ್ತೇನೆ ಎಂದು ಕೊಕ್ಕು ತೊಡೆಯ ಮೇಲಿಟ್ಟುಕೊಂಡು ಕೂತ. ಹಗ್ಗದವರೂ ಅವನ ಪಕ್ಕದಲ್ಲೇ ಕೂತರು. ಹೀಗಾಗಿ ಗೇಟೇ ಇಲ್ಲದ ಕ್ಯಾಮರಾಗೆ, ಆ ಸಿನಿಮಾ ಮುಗಿಯುವವರೆಗೂ, ಶಾಟಿಗೊಂದು ಸಲ ಗೇಟ್ ನೋಡಲಾಯಿತು. ಪದ್ಮಶ್ರೀಯ ಮದುವೆ ಶ್ರಾವಣದಲ್ಲಿ ನಂದಗುಡಿಯಲ್ಲಿ ಆಯಿತು. ಗೋಪಾಲಪ್ಪ ಅಲ್ಲಿಯ ಮೀಟಿಂಗಿಗೆ ಹೋಗಲಿಲ್ಲ.

ಇನ್ನು, ಅಂದು ಮೊದಲು ಕೂಗಿದವರು ಯಾರು ಎಂಬುದು. ಹಕ್ಕಿಯಪ್ಪನನ್ನು ಕೇಳಿದರೆ, ಕೊಕ್ಕಿನೊಳಗಿಂದ ಉಸಿರೇ ಬರುತ್ತಿರಲಿಲ್ಲ, ದನಿ ಎಲ್ಲಿಂದ ಬರಬೇಕು ಎನ್ನುತ್ತಾನೆ. ಬೀರೇಶ್ ತಾನು ಕಂಪ್ಯೂಟರಿನ ಮುಂದಿದ್ದೆ ಎನ್ನುತ್ತಾನೆ. ಹೇಳುವಾಗ ನಗುತ್ತಾನೆ, ಆದರೆ ಅವನು ಎಲ್ಲ ಹೇಳುವಾಗಲೂ ನಗುತ್ತಾನೆ. ಮಾತು ರೆಕಾರ್ಡ್ ಮಾಡುತ್ತಿದ್ದವನು ತನ್ನ ಕಿವಿಗೆ ಕೇಳಿಸಿದ್ದು ಹೆಂಗಸಿನ ದನಿಯೆಂದು ಆಣೆ ಮಾಡಿದ. ಅಲ್ಲಿ ಹೆಂಗಸರಿದ್ದದ್ದು ಇಬ್ಬರೇ, ಹರ್ಷಿತ ಮತ್ತು ವರಲಕ್ಷ್ಮಮ್ಮ. ಒಬ್ಬರನ್ನು ಕೇಳಿದರೆ ಇನ್ನೊಬ್ಬರ ಹೆಸರು ಹೇಳುತ್ತಾರೆ. ರೀಲಾಗಿದ್ದರೆ ಎಲ್ಲೋ ಒಂದು ತಗಡಿನ ಡಬ್ಬದಲ್ಲಿ ಆ ದಿನ ಉಳಿದಿರುತ್ತಿತ್ತು, ಕೊಕ್ಕು ಅಲುಗಿತೋ ಇಲ್ಲವೋ ನೋಡಬಹುದಿತ್ತು. ಕೊನೆಗೆ ಬರೀ ಆಕಾಶ ಉಳಿದ ಆ ಶಾಟನ್ನು, ದನಿಯ ಸಮೇತ, ಅದೇ ಸಂಜೆ, ಜಾಗ ಬೇಕೆಂದು, ಕಂಪ್ಯೂಟರಿನಿಂದಲೂ ಅಳಿಸಿಬಿಟ್ಟರು. ಕೇಳಬೇಕಾದವರನ್ನೆಲ್ಲ ಕೇಳಿದ್ದೇನೆ. ಯಾರು ಕೂಗಿದರೋ ನನಗೆ ಗೊತ್ತಿಲ್ಲ.